ಆ್ಯಂಟಿಬಯಾಟಿಕ್ ಮುಟ್ಟದವರ ಕರುಳಿಗೂ ನಿರೋಧಕ ಜೀನ್ ಬರುವುದು ಹೇಗೆ?

ಪ್ರಶ್ನೆ: ಐದಾರು ವರ್ಷಗಳಿಂದ ನಾನು ಒಂದೇ ಒಂದು ಆ್ಯಂಟಿಬಯಾಟಿಕ್ ಮಾತ್ರೆ ನುಂಗಿಲ್ಲ. ಆದರೂ ಶಸ್ತ್ರಚಿಕಿತ್ಸೆಗೆ ಮುಂಚೆ ಮಾಡಿದ ಗುದದ್ವಾರದ ಸ್ವಾಬ್ ಪರೀಕ್ಷೆಯಲ್ಲಿ ‘ಇಎಸ್‌ಬಿಎಲ್ ಇ. ಕೋಲಿ’ ಇದೆ ಎಂದು ಬಂದಿದೆ. ಇದು ನನ್ನ ಕರುಳಿಗೆ ಎಲ್ಲಿಂದ ಬಂತು? ಜಗತ್ತಿನ ಯಾವುದೋ ಮೂಲೆಯಲ್ಲಿ ಕಾಣಿಸಿಕೊಂಡ ಇಂಥ ಜೀನ್ ಎಲ್ಲ ಕಡೆ ಹರಡುವುದು ಹೇಗೆ? ಇದನ್ನು ಹೊರಹಾಕಲು ಏನಾದರೂ ಔಷಧಿ ತೆಗೆದುಕೊಳ್ಳಬೇಕೆ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅವಸರದಲ್ಲಿ ತಪ್ಪು ಹೆಜ್ಜೆ ಇಡುವುದು ಅಲ್ಲೇ. ಹೊರಹಾಕಲೆಂದು ಏನನ್ನೂ ತೆಗೆದುಕೊಳ್ಳಬೇಡಿ. ಈ ವರದಿಯಿಂದ ನಿಮಗೆ ಸೋಂಕು ತಗುಲಿದೆ ಎಂದಾಗುವುದಿಲ್ಲ. ಇ. ಕೋಲಿ ಎಲ್ಲರ ಕರುಳಿನಲ್ಲೂ ಇರುವ ಬ್ಯಾಕ್ಟೀರಿಯಾ; ಇಎಸ್‌ಬಿಎಲ್ ಎಂದರೆ ಪೆನಿಸಿಲಿನ್, ಸೆಫಲೋಸ್ಪೋರಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳನ್ನು ಮುರಿದುಹಾಕುವ ಕಿಣ್ವ. ಆ ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾ ನಿಮ್ಮ ಕರುಳಿನಲ್ಲಿ ಸುಮ್ಮನೆ ವಾಸವಾಗಿದೆ ಎಂದಷ್ಟೇ ಗೊತ್ತಾಗುತ್ತದೆ. ಔಷಧಿ ಕೊಟ್ಟು ಅದನ್ನು ಓಡಿಸುವ ಪ್ರಯತ್ನಗಳು ನಡೆದಿವೆ. ಕೊಲಿಸ್ಟಿನ್ ಮತ್ತು ನಿಯೋಮೈಸಿನ್‌ಗಳನ್ನು 10 ದಿನ ಬಾಯಿಯ ಮೂಲಕ ಕೊಟ್ಟು ನೋಡಿದ ಒಂದು ನಿಯಂತ್ರಿತ ಪ್ರಯೋಗದಲ್ಲಿ, ಔಷಧಿ ಮುಗಿದ ದಿನ ಇಎಸ್‌ಬಿಎಲ್ ಬ್ಯಾಕ್ಟೀರಿಯಾ ಉಳಿದವರ ಸಂಖ್ಯೆ ನಿಜಕ್ಕೂ ಇಳಿದಿತ್ತು. ನಾಲ್ಕು ವಾರ ಕಳೆಯುವಷ್ಟರಲ್ಲಿ ಔಷಧಿ ಪಡೆದವರಿಗೂ ಹುಸಿಮಾತ್ರೆ ಪಡೆದವರಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಲಾಭ ನಾಲ್ಕು ವಾರವೂ ನಿಲ್ಲುವುದಿಲ್ಲ, ಕೊಲಿಸ್ಟಿನ್‌ನಂಥ ಕೊನೆಯ ಅಸ್ತ್ರಕ್ಕೆ ಕರುಳಿನ ಬ್ಯಾಕ್ಟೀರಿಯಾವನ್ನು ಪಳಗಿಸಿದ ನಷ್ಟ ಮಾತ್ರ ಉಳಿಯಬಹುದು.

ವರದಿಯ ನಿಜವಾದ ಉಪಯೋಗ ಬೇರೆ. ಅದನ್ನು ಶಸ್ತ್ರಚಿಕಿತ್ಸಕರಿಗೂ ಅರಿವಳಿಕೆ ತಜ್ಞರಿಗೂ ತೋರಿಸಿ. ಕತ್ತರಿ ಹಾಕುವ ಮುನ್ನ ಮುನ್ನೆಚ್ಚರಿಕೆಗೆಂದು ಕೊಡುವ ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ ಸೆಫಲೋಸ್ಪೋರಿನ್ ಗುಂಪಿನದು, ಇಎಸ್‌ಬಿಎಲ್ ಕಿಣ್ವ ಮುರಿದುಹಾಕುವುದೂ ಅದೇ ಗುಂಪನ್ನು. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ, ಗುದದ್ವಾರದ ಮೂಲಕ ಮಾಡುವ ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ಇದು ಮುಖ್ಯವಾಗುತ್ತದೆ, ಯಾಕೆಂದರೆ ಅಲ್ಲಿ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ದಾಟಲು ದಾರಿ ತೆರೆದಿರುತ್ತದೆ. ಮೊಣಕಾಲು ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆಗೆ ಇದರಿಂದ ಬಹುಮಟ್ಟಿಗೆ ಏನೂ ಬದಲಾಗುವುದಿಲ್ಲ.

ಜೀನ್ ಹತ್ತುವ ವಾಹನಗಳು

ನಿಮ್ಮ ವರದಿಯಲ್ಲಿರುವ ಇಎಸ್‌ಬಿಎಲ್ ಕಿಣ್ವ ಬಹುಶಃ ‘ಸಿಟಿಎಕ್ಸ್-ಎಮ್’ ಕುಟುಂಬದ್ದು, ಜಗತ್ತಿನಾದ್ಯಂತ ಇ. ಕೋಲಿಯಲ್ಲಿ ಹೆಚ್ಚಾಗಿ ಸಿಗುವುದು ಅದೇ. ಅದರ ಮೂಲ ಇ. ಕೋಲಿಯಲ್ಲಿಲ್ಲ. ಮಣ್ಣು, ನೀರುಗಳಲ್ಲಿ ಬದುಕುವ, ಮನುಷ್ಯರನ್ನು ಅಪರೂಪಕ್ಕೆ ಕಾಡುವ ಕ್ಲೂಯ್ವೆರಾ ಎಂಬ ಬ್ಯಾಕ್ಟೀರಿಯಾದ ಕ್ರೋಮೋಸೋಮಿನಲ್ಲಿ ಈ ಜೀನ್ ಮೊದಲಿನಿಂದಲೂ ಇದೆ. ಅಲ್ಲಿ ಅದರ ಸದ್ದು ಕಡಿಮೆ, ಕಿಣ್ವ ತಯಾರಾಗುವುದೇ ಅಷ್ಟಿಷ್ಟು. ಒಂದು ಸಲ ಐಎಸ್‌ಇಸಿಪಿ-1 ಎಂಬ ಜಿಗಿಯುವ ಡಿಎನ್‌ಎ ತುಣುಕು ಅದರ ಪಕ್ಕದಲ್ಲಿ ಬಂದು ಕೂತಿತು. ಈ ತುಣುಕು ಮಾಡುವ ಕೆಲಸ ಎರಡು: ಪಕ್ಕದ ಜೀನನ್ನು ಕಿತ್ತುಕೊಂಡು ಇನ್ನೊಂದು ಡಿಎನ್‌ಎಗೆ ಜಿಗಿಯುವುದು, ಜಿಗಿದ ಮೇಲೆ ಆ ಜೀನನ್ನು ಜೋರಾಗಿ ಓದಿಸುವ ಸ್ವಿಚ್ಚನ್ನೂ ಒದಗಿಸುವುದು. ಹೀಗೆ ಜಿಗಿದು ಪ್ಲಾಸ್ಮಿಡ್ ಸೇರಿದಾಗ ಮಂದವಾಗಿದ್ದ ಜೀನ್ ಪ್ರಬಲವೂ ಆಯಿತು, ಚಲಿಸುವಂಥದ್ದೂ ಆಯಿತು. ಬೇರೆಬೇರೆ ಕ್ಲೂಯ್ವೆರಾ ಪ್ರಭೇದಗಳಿಂದ ಇದು ಒಂದಲ್ಲ, ಹಲವು ಸಲ ನಡೆದಿದೆ.

ಪ್ಲಾಸ್ಮಿಡ್ ಎಂದರೆ ಕ್ರೋಮೋಸೋಮಿನಿಂದ ಬೇರೆಯಾಗಿ ಇರುವ, ಸಾಮಾನ್ಯವಾಗಿ ಉಂಗುರದಾಕಾರದ ಡಿಎನ್‌ಎ. ದೊಡ್ಡ ಪ್ಲಾಸ್ಮಿಡ್‌ಗಳು ತಮ್ಮನ್ನು ತಾವೇ ಸಾಗಿಸಿಕೊಳ್ಳುವ ಸರಂಜಾಮನ್ನೂ ಹೊತ್ತಿರುತ್ತವೆ. ದಾತ ಕೋಶ ಪಿಲಸ್ ಎಂಬ ಎಳೆಯನ್ನು ಚಾಚಿ ಪಕ್ಕದ ಕೋಶವನ್ನು ಹಿಡಿದು ಎಳೆದುಕೊಳ್ಳುತ್ತದೆ. ಪ್ಲಾಸ್ಮಿಡ್ಡಿನ ಎರಡು ಎಳೆಗಳಲ್ಲಿ ಒಂದು ಆಚೆ ದಾಟುತ್ತದೆ. ಎರಡೂ ಕಡೆ ಜೋಡಿ ಎಳೆ ಹೊಸದಾಗಿ ತಯಾರಾಗುತ್ತದೆ. ಕೆಲವು ನಿಮಿಷಗಳಲ್ಲಿ ಮುಗಿಯುವ ಈ ವ್ಯವಹಾರದಲ್ಲಿ ಕೊಟ್ಟ ಕೋಶ ಏನನ್ನೂ ಕಳೆದುಕೊಳ್ಳುವುದಿಲ್ಲ. ಪಡೆದ ಕೋಶ ತಾನೂ ದಾತನಾಗುತ್ತದೆ. ಪ್ರಭೇದದ ಗಡಿಯೂ ಅಡ್ಡಬರುವುದಿಲ್ಲ, ಇ. ಕೋಲಿಯಿಂದ ಕ್ಲೆಬ್ಸಿಯೆಲ್ಲಾಗೆ, ಸಾಲ್ಮೊನೆಲ್ಲಾಗೆ, ಶಿಗೆಲ್ಲಾಗೆ ಪ್ಲಾಸ್ಮಿಡ್ ಸಲೀಸಾಗಿ ದಾಟಬಲ್ಲದು.

ಇದು ಮೊದಲು ಕಣ್ಣಿಗೆ ಬಿದ್ದದ್ದು 1950ರ ದಶಕದ ಜಪಾನಿನಲ್ಲಿ. ರಕ್ತಭೇದಿಯ ರೋಗಿಗಳಲ್ಲಿ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ನಾಲ್ಕಕ್ಕೂ ಏಕಕಾಲಕ್ಕೆ ಬಗ್ಗದ ಶಿಗೆಲ್ಲಾ ಸಿಗತೊಡಗಿತು. ಒಂದೊಂದೇ ರೂಪಾಂತರದಿಂದ ನಾಲ್ಕು ಔಷಧಿಗೂ ನಿರೋಧಕತೆ ಒಟ್ಟಿಗೆ ಬರುವುದು ಲೆಕ್ಕಕ್ಕೆ ಕೂರುವುದಿಲ್ಲ. ಅದೇ ರೋಗಿಗಳ ಕರುಳಿನ ಇ. ಕೋಲಿಯಲ್ಲೂ ಅದೇ ನಾಲ್ಕು ನಿರೋಧಕತೆ ಇತ್ತು. 1959ರಲ್ಲಿ ಒಚಿಯಾಯಿ ಮತ್ತು ಅಕಿಬಾ ಅವರ ತಂಡಗಳು ಪ್ರತ್ಯೇಕವಾಗಿ ಎರಡು ಬ್ಯಾಕ್ಟೀರಿಯಾಗಳನ್ನು ಬೆರೆಸಿಟ್ಟು, ಇಡೀ ಗಂಟು ಒಮ್ಮೆಗೇ ವರ್ಗಾವಣೆಯಾಗುವುದನ್ನು ತೋರಿಸಿದವು.

ಇನ್ನೊಂದು ಪುರಾವೆ ನನಗೆ ಇದಕ್ಕಿಂತಲೂ ಮಹತ್ವದ್ದಾಗಿ ಕಾಣುತ್ತದೆ. 1917ರಿಂದ 1954ರವರೆಗೆ ಸಂಗ್ರಹಿಸಿಟ್ಟ, ಅಂದರೆ ಹೆಚ್ಚಿನಂಶ ಆ್ಯಂಟಿಬಯಾಟಿಕ್ ಯುಗಕ್ಕೂ ಮುಂಚಿನ, ಕರುಳಿನ ಬ್ಯಾಕ್ಟೀರಿಯಾಗಳ ಒಂದು ಸಂಗ್ರಹವಿದೆ. ಮರ್ರೆ ಸಂಗ್ರಹ ಎಂದು ಅದರ ಹೆಸರು. 1983ರಲ್ಲಿ ಹ್ಯೂಸ್ ಮತ್ತು ದತ್ತಾ ಅದನ್ನು ಪರೀಕ್ಷಿಸಿದಾಗ ಸುಮಾರು ಕಾಲು ಭಾಗದಲ್ಲಿ ಕೋಶದಿಂದ ಕೋಶಕ್ಕೆ ದಾಟಬಲ್ಲ ಪ್ಲಾಸ್ಮಿಡ್‌ಗಳು ಸಿಕ್ಕವು. ಆ ಪ್ಲಾಸ್ಮಿಡ್‌ಗಳ ಮೇಲೆ ಆ್ಯಂಟಿಬಯಾಟಿಕ್ ನಿರೋಧಕ ಜೀನ್‌ಗಳು ಇರಲಿಲ್ಲ. ಇತ್ತ ನಿರೋಧಕ ಜೀನ್‌ಗಳಾದರೋ ಬಹು ಹಳೆಯವು: ಯೂಕಾನ್ ಪ್ರದೇಶದ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಿಂದ ತೆಗೆದ ಡಿಎನ್‌ಎಯಲ್ಲೂ ಅವು ಸಿಕ್ಕಿವೆ. ವಾಹನವೂ ಹಳೆಯದು, ಪ್ರಯಾಣಿಕನೂ ಹಳಬ. ಪ್ರಯಾಣಿಕ ವಾಹನ ಹತ್ತಿದ್ದು ಮಾತ್ರ ಕಳೆದ ಎಂಬತ್ತು ವರ್ಷಗಳಲ್ಲಿ, ನಾವು ಸುರಿದ ಔಷಧಿಯ ಒತ್ತಡದಲ್ಲಿ.

ಕರುಳೇ ಯಾಕೆ?

ದೊಡ್ಡ ಕರುಳಿನ ಒಂದು ಗ್ರಾಂ ಮಲದಲ್ಲಿ ಸುಮಾರು 10,000 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಇ. ಕೋಲಿ ಮತ್ತು ಅದರ ಬಳಗ ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಷ್ಟಾದರೂ ಒಂದು ಗ್ರಾಮಿನಲ್ಲಿ ಲಕ್ಷಗಳಿಂದ ಕೋಟಿಗಳವರೆಗೆ ಆಗುತ್ತದೆ. ಬೆಚ್ಚಗಿನ ತಾಣ, ಎಡೆಬಿಡದ ಆಹಾರ, ಮೈಗೆ ಮೈ ತಾಗುವ ದಟ್ಟಣೆ. ಲಕ್ಷಕ್ಕೊಂದು ಸಲ ಮಾತ್ರ ಕೈಗೂಡುವ ವರ್ಗಾವಣೆಯೂ ಅಲ್ಲಿ ನಡೆದುಹೋಗುತ್ತದೆ.

ಕರುಳಿನ ಬಹುಸಂಖ್ಯಾತರಾದ, ಆಮ್ಲಜನಕ ಬೇಡದ ಬ್ಯಾಕ್ಟೀರಾಯ್ಡಿಸ್ ಬಳಗದ ಕಥೆ ಬೇರೆ. ಅವು ಕ್ರೋಮೋಸೋಮಿನೊಳಗೇ ಕೂತು, ಬೇಕಾದಾಗ ಎದ್ದು ದಾಟುವ ತುಣುಕುಗಳನ್ನು ಬಳಸುತ್ತವೆ. ಟೆಟ್‌ಕ್ಯೂ ಎಂಬ ಟೆಟ್ರಾಸೈಕ್ಲಿನ್ ನಿರೋಧಕ ಜೀನನ್ನು ಹೊತ್ತ ಅಂಥ ಒಂದು ತುಣುಕು, ಅಲ್ಪ ಪ್ರಮಾಣದ ಟೆಟ್ರಾಸೈಕ್ಲಿನ್ ತಾಗಿದರೆ ನೂರರಿಂದ ಸಾವಿರ ಪಟ್ಟು ಹೆಚ್ಚು ವೇಗದಲ್ಲಿ ವರ್ಗಾವಣೆಯಾಗುತ್ತದೆ. ಔಷಧಿಯಿಂದ ಸಾಯದೆ ಉಳಿದದ್ದು ಬೆಳೆಯುತ್ತದೆ ಎಂಬುದಷ್ಟೇ ಎಲ್ಲರಿಗೂ ಗೊತ್ತಿರುವ ಸಂಗತಿ. ಇಲ್ಲಿ ಔಷಧಿಯೇ ಜೀನಿನ ಹರಡುವಿಕೆಗೆ ಚಾಲನೆ ಕೊಡುತ್ತಿದೆ. 1970ಕ್ಕೆ ಮುಂಚೆ ಸಂಗ್ರಹಿಸಿದ ಬ್ಯಾಕ್ಟೀರಾಯ್ಡಿಸ್ ತಳಿಗಳಲ್ಲಿ ಕಾಲು ಭಾಗದ ಆಸುಪಾಸಿನಲ್ಲಿದ್ದ ಟೆಟ್‌ಕ್ಯೂ, 1990ರ ದಶಕದ ಹೊತ್ತಿಗೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ತಳಿಗಳಲ್ಲಿ ನೆಲೆಯೂರಿತ್ತು. ಆರೋಗ್ಯವಂತರಲ್ಲೂ ಹಾಗೆಯೇ.

ಆ್ಯಂಟಿಬಯಾಟಿಕ್ ಯಾವ ಸೋಂಕಿಗೆ ಕೊಟ್ಟರೂ ಕರುಳಿಗೂ ತಲುಪುತ್ತದೆ ಎಂಬುದನ್ನು ವೈದ್ಯರೂ ಮರೆಯುವುದುಂಟು. ಇಂಜೆಕ್ಷನ್ ಕೊಟ್ಟರೆ ಹೊಟ್ಟೆಗೆ ತೊಂದರೆಯಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ರಕ್ತನಾಳಕ್ಕೆ ಕೊಟ್ಟ, ಸೆಫಲೋಸ್ಪೋರಿನ್ ಗುಂಪಿನ ಸೆಫ್ಟ್ರಿಯಾಕ್ಸೋನ್‌ನ ಮೂರನೇ ಒಂದು ಭಾಗಕ್ಕೂ ಹೆಚ್ಚು ಪಿತ್ತರಸದ ಮೂಲಕ ಕರುಳಿಗೇ ಇಳಿಯುತ್ತದೆ. ಸಿಟಿಎಕ್ಸ್-ಎಮ್ ಇರುವ ಬ್ಯಾಕ್ಟೀರಿಯಾಗೆ ಇದಕ್ಕಿಂತ ಅನುಕೂಲದ ಸ್ಥಿತಿ ಇನ್ನೊಂದಿಲ್ಲ: ತಾನು ಸಾಯುವುದಿಲ್ಲ, ಜಾಗಕ್ಕೆ ಪೈಪೋಟಿ ಕೊಡುತ್ತಿದ್ದ ಇತರ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಇದಕ್ಕೆ ವಿರುದ್ಧ ಉದಾಹರಣೆ ನೈಟ್ರೊಫ್ಯುರಾಂಟಾಯಿನ್. ಅದು ಮೇಲಿನ ಕರುಳಿನಲ್ಲೇ ಹೀರಿಕೆಯಾಗಿ ಮೂತ್ರದಲ್ಲಿ ಸಾಂದ್ರವಾಗುವುದರಿಂದ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳನ್ನು ಅಷ್ಟಾಗಿ ಕದಡುವುದಿಲ್ಲ. ಸರಳ ಮೂತ್ರಕೋಶದ ಸೋಂಕಿಗೆ ಅದನ್ನು ಮುಂದಿಡುವುದಕ್ಕೆ ಇದೂ ಒಂದು ಕಾರಣ.

ಔಷಧಿ ನಿಲ್ಲಿಸಿದ ಮೇಲೆ ಕರುಳು ಮತ್ತೆ ತುಂಬಿಕೊಳ್ಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಹನ್ನೆರಡು ಆರೋಗ್ಯವಂತ ಯುವಕರಿಗೆ ನಾಲ್ಕು ದಿನ ಮೂರು ಪ್ರಬಲ ಆ್ಯಂಟಿಬಯಾಟಿಕ್‌ಗಳನ್ನು ಒಟ್ಟಿಗೆ ಕೊಟ್ಟು ನೋಡಿದಾಗ, ಒಂದೂವರೆ ತಿಂಗಳಲ್ಲಿ ಹೆಚ್ಚಿನ ಪ್ರಭೇದಗಳು ಮರಳಿದವು. 180 ದಿನಗಳಾದರೂ ಒಂಬತ್ತು ಸಾಮಾನ್ಯ ಪ್ರಭೇದಗಳು ಕಾಣಲಿಲ್ಲ. ಏಳೇ ದಿನ ಕ್ಲಿಂಡಮೈಸಿನ್ ತೆಗೆದುಕೊಂಡವರಲ್ಲಿ ಎರಡು ವರ್ಷಗಳವರೆಗೆ ನಿರೋಧಕ ಬ್ಯಾಕ್ಟೀರಾಯ್ಡಿಸ್ ಉಳಿದದ್ದು ದಾಖಲಾಗಿದೆ.

ಹಾಗಾದರೆ ನಿಮಗೆ ಬಂದದ್ದು ಹೇಗೆ?

ನೀವು ಔಷಧಿ ನುಂಗಿಲ್ಲ. ಆದರೂ ಬಂತು, ಯಾಕೆಂದರೆ ಜೀನ್ ನಿಮ್ಮೊಳಗೆ ಹುಟ್ಟಬೇಕಾಗಿಲ್ಲ, ಬಾಯಿಯ ಮೂಲಕ ಒಳಗೆ ಬಂದರೆ ಸಾಕು. ಇನ್ನೊಬ್ಬರ ಅಥವಾ ಪ್ರಾಣಿಯೊಂದರ ಮಲದ ಕಣ್ಣಿಗೆ ಕಾಣದ ಅಂಶ, ನೀರು, ಹಸಿ ತರಕಾರಿ, ಮಾಂಸ ಕತ್ತರಿಸಿದ ಹಲಗೆ, ಕೈ ಇವುಗಳ ಮೂಲಕ. ಈ ದಾರಿ ಎಷ್ಟು ಅಗಲವಾಗಿದೆ ಎಂಬುದನ್ನು ಪ್ರಯಾಣಿಕರ ಮೇಲಿನ ಅಧ್ಯಯನಗಳು ತೋರಿಸಿವೆ. ನೆದರ್ಲೆಂಡ್ಸ್‌ನಿಂದ ಹೊರದೇಶಗಳಿಗೆ ಹೋಗಿಬಂದ ಸುಮಾರು 2,000 ಮಂದಿಯನ್ನು ಹೋಗುವ ಮುನ್ನ, ಬಂದ ಮೇಲೆ ಪರೀಕ್ಷಿಸಿದ 2017ರ ವರದಿಯಲ್ಲಿ, ಮೊದಲು ಇಲ್ಲದಿದ್ದವರಲ್ಲಿ ನೂರಕ್ಕೆ 34 ಮಂದಿ ಇಎಸ್‌ಬಿಎಲ್ ಬ್ಯಾಕ್ಟೀರಿಯಾವನ್ನು ಹೊತ್ತುತಂದಿದ್ದರು. ದಕ್ಷಿಣ ಏಷ್ಯಾಕ್ಕೆ ಹೋದವರಲ್ಲಿ ಅದು ನೂರಕ್ಕೆ 75. ಲಾವೋಸ್‌ಗೆ ಹೋದ 20 ಯುರೋಪಿಯನ್ನರ ಮಲವನ್ನು ಮೂರು ವಾರ ದಿನವೂ ಪರೀಕ್ಷಿಸಿದ ಇನ್ನೊಂದು ಅಧ್ಯಯನದಲ್ಲಿ ಇಪ್ಪತ್ತೂ ಮಂದಿಗೆ ಒಂದಲ್ಲ ಒಂದು ದಿನ ಬಂದುಹೋಯಿತು. ಒಂದು ತಳಿ ಬರುತ್ತದೆ, ಹೋಗುತ್ತದೆ, ಇನ್ನೊಂದು ಬರುತ್ತದೆ. ಹಿಂದೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಮಾಡಿದ ಪರೀಕ್ಷೆಗಳು ಈ ಓಡಾಟದ ಬಹುಪಾಲನ್ನು ನೋಡಿಯೇ ಇರಲಿಲ್ಲ.

ಇದರಲ್ಲಿ ಔಷಧಿಯ ಪಾತ್ರವೇನು ಎಂಬುದಕ್ಕೆ ಫಿನ್ಲೆಂಡಿನ ಪ್ರಯಾಣಿಕರ ಅಂಕಿ ಸಾಕು. ದಕ್ಷಿಣ ಏಷ್ಯಾಕ್ಕೆ ಹೋದವರಲ್ಲಿ ಇಎಸ್‌ಬಿಎಲ್ ಬ್ಯಾಕ್ಟೀರಿಯಾ ಹತ್ತಿದ್ದು ಭೇದಿಯಾಗದವರಿಗೆ ನೂರಕ್ಕೆ 23, ಭೇದಿಯಾದರೂ ಔಷಧಿ ತೆಗೆದುಕೊಳ್ಳದವರಿಗೆ 47, ಭೇದಿಯಾಗಿ ಆ್ಯಂಟಿಬಯಾಟಿಕ್ ನುಂಗಿದವರಿಗೆ 80. ಪ್ರಯಾಣದ ಸಾಧಾರಣ ಭೇದಿಗೆ ಉಪ್ಪು-ಸಕ್ಕರೆಯ ಪುನರ್ಜಲೀಕರಣ ದ್ರಾವಣವೇ ಸಾಕು. ರಕ್ತ ಬಿದ್ದರೆ, ಜೋರು ಜ್ವರ ಬಂದರೆ, ನಿತ್ರಾಣವಾದರೆ ಮಾತ್ರ ವೈದ್ಯರ ಮಾತಿನಂತೆ ಆ್ಯಂಟಿಬಯಾಟಿಕ್.

ಪ್ರಯಾಣ ಮಾಡದವರಿಗೂ ಬರುತ್ತದೆ. ನೆದರ್ಲೆಂಡ್ಸ್‌ನ ಅದೇ ಡಚ್ ಅಧ್ಯಯನದಲ್ಲಿ ಮನೆಗೆ ಹಿಂದಿರುಗಿದವರಿಂದ ಮನೆಮಂದಿಗೆ ದಾಟುವ ಸಂಭವ ನೂರಕ್ಕೆ ಸುಮಾರು 12 ಎಂದು ಅಂದಾಜಿಸಲಾಯಿತು. ನಿಮ್ಮ ವಿಷಯದಲ್ಲಿ ಯಾವ ದಾರಿ ಎಂದು ಬೊಟ್ಟುಮಾಡಿ ತೋರಿಸಲಾಗದು, ಅದನ್ನು ಹುಡುಕಿ ಪ್ರಯೋಜನವೂ ಇಲ್ಲ.

ಒಂದು ಕರುಳಿನಿಂದ ಖಂಡಗಳಿಗೆ

ಎನ್‌ಡಿಎಂ-1 ಎಂಬ ಜೀನ್ ಕಾರ್ಬಪೆನೆಮ್‌ಗಳನ್ನು, ಅಂದರೆ ಇಎಸ್‌ಬಿಎಲ್‌ಗೂ ಮೇಲಿನ ಹಂತದ ಔಷಧಿಗಳನ್ನು, ಮುರಿಯುತ್ತದೆ. ಹಿಂದೆ ದೆಹಲಿಯ ಆಸ್ಪತ್ರೆಯಲ್ಲಿ ದಾಖಲಾಗಿದ್ದ, 2008ರಲ್ಲಿ ಸ್ವೀಡನ್ನಿನಲ್ಲಿ ಚಿಕಿತ್ಸೆ ಪಡೆದ ಒಬ್ಬ ರೋಗಿಯ ಕ್ಲೆಬ್ಸಿಯೆಲ್ಲಾದಲ್ಲಿ ಅದು ಸಿಕ್ಕಿತು, 2009ರಲ್ಲಿ ವರದಿಯಾಯಿತು. 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದೆಹಲಿಯ ರಸ್ತೆಬದಿಯಲ್ಲಿ ಸೋರಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲೂ, ಕುಡಿಯುವ ನಲ್ಲಿ ನೀರಿನ 50ರಲ್ಲಿ ಎರಡರಲ್ಲೂ ಆ ಜೀನನ್ನು ಗುರುತಿಸಿತು. ಅಲ್ಲಿ ಸಿಕ್ಕವುಗಳಲ್ಲಿ ಕಾಲರಾದ ಬ್ಯಾಕ್ಟೀರಿಯಾವೂ ಇತ್ತು. ಪ್ಲಾಸ್ಮಿಡ್ ಅತಿ ಹೆಚ್ಚು ದಾಟುತ್ತಿದ್ದುದು ದೇಹದ 37 ಡಿಗ್ರಿಯಲ್ಲಿ ಅಲ್ಲ, 30 ಡಿಗ್ರಿಯಲ್ಲಿ. ಸಾಲ್ಮೊನೆಲ್ಲಾದಲ್ಲಿ ಕಾಣುವ ಎಚ್‌ಐ ಗುಂಪಿನ ದೊಡ್ಡ ಪ್ಲಾಸ್ಮಿಡ್‌ಗಳೂ ಹಾಗೆಯೇ, 22ರಿಂದ 30 ಡಿಗ್ರಿಯಲ್ಲಿ ಚುರುಕು, ದೇಹದ ಬಿಸಿಗೆ ಮಂದ. ಹೀಗಾಗಿ ಚರಂಡಿಯನ್ನು ಬರೀ ಸಾಗಣೆಯ ಕಾಲುವೆ ಎಂದುಕೊಳ್ಳುವಂತಿಲ್ಲ, ವಿನಿಮಯ ನಡೆಯುವ ಸ್ಥಳವೂ ಅದೇ. 2013ರಲ್ಲಿ ಆರ್ಕ್‌ಟಿಕ್‌ನ ಸ್ವಾಲ್‌ಬಾರ್ಡ್‌ನಿಂದ ತೆಗೆದ ಮಣ್ಣಿನಲ್ಲೂ ಎನ್‌ಡಿಎಂ-1 ಸಿಕ್ಕಿದೆ. ಅಲ್ಲಿಗೆ ಅದನ್ನು ಒಯ್ದಿರಬಹುದಾದದ್ದು ವಲಸೆ ಹಕ್ಕಿಗಳ ಅಥವಾ ಮನುಷ್ಯರ ಮಲ.

ಟೈಫಾಯಿಡ್‌ನ ಉದಾಹರಣೆ ಇನ್ನೂ ಕಟುವಾದದ್ದು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಶುರುವಾದ ಟೈಫಾಯಿಡ್ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗಲಿಲ್ಲ. ಜೀನೋಮ್ ಓದಿ ನೋಡಿದಾಗ, ಆಗಲೇ ಹಲವು ಔಷಧಿಗಳಿಗೆ ನಿರೋಧಕವಾಗಿದ್ದ ಟೈಫಾಯಿಡ್ ತಳಿ, ಇ. ಕೋಲಿಯಲ್ಲಿ ಕಾಣುವಂಥ ಪ್ಲಾಸ್ಮಿಡ್ ಒಂದನ್ನು ಪಡೆದಿತ್ತು. ಅದರ ಮೇಲೆ ಸಿಟಿಎಕ್ಸ್-ಎಮ್-15 ಇತ್ತು, ಸಿಪ್ರೊಫ್ಲಾಕ್ಸಸಿನ್ ಬಗೆಯ ಔಷಧಿಗಳನ್ನು ತಡೆಯುವ ಕ್ಯೂಎನ್‌ಆರ್ ಜೀನೂ ಇತ್ತು. ಬಾಯಿಯ ಮೂಲಕ ಕೊಡಬಹುದಾದ ಔಷಧಿಯಾಗಿ ಉಳಿದದ್ದು ಅಜಿತ್ರೊಮೈಸಿನ್ ಒಂದೇ. ಕರುಳಿನ ನಿರುಪದ್ರವಿ ಇ. ಕೋಲಿಯಲ್ಲಿ ಇಂಥ ಜೀನ್ ಇದ್ದರೆ ನಮಗೇನು ಎಂದು ಕೇಳುವವರಿಗೆ ಉತ್ತರ ಇದೇ: ಅಲ್ಲಿ ಅದು ದಾಸ್ತಾನಾಗಿ ಕೂತಿರುತ್ತದೆ. ಪಾಕಿಸ್ತಾನ 2019ರಲ್ಲಿ ಟೈಫಾಯಿಡ್ ಕಾಂಜುಗೇಟ್ ಲಸಿಕೆಯನ್ನು ತನ್ನ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿತು. ನಿರೋಧಕತೆಯ ವಿರುದ್ಧ ಲಸಿಕೆಯೂ ಒಂದು ಅಸ್ತ್ರ ಎಂಬುದನ್ನು ನಾವು ಸಾಕಷ್ಟು ಒತ್ತಿ ಹೇಳುತ್ತಿಲ್ಲ.

ಔಷಧಿ ನಿಲ್ಲಿಸಿದರೆ ಜೀನ್ ಹೋಗುತ್ತದೆಯೇ?

ಕೆಲವೊಮ್ಮೆ ಹೋಗುತ್ತದೆ, ಕೆಲವೊಮ್ಮೆ ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಕಾರಣ ತಿಳಿದರೆ ಎರಡೂ ಅರ್ಥವಾಗುತ್ತವೆ.

ಬ್ರಿಟನ್ನಿನಲ್ಲಿ 1991ರಿಂದ 1999ರ ನಡುವೆ ಸಲ್ಫಾ ಔಷಧಿಗಳ ಚೀಟಿ ನೂರಕ್ಕೆ 98ರಷ್ಟು ಇಳಿಯಿತು. ಅದೇ ಅವಧಿಯಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯ ಇ. ಕೋಲಿಯಲ್ಲಿ ಸಲ್ಫಾ ನಿರೋಧಕತೆ ನೂರಕ್ಕೆ ಸುಮಾರು 40ರಿಂದ 46ಕ್ಕೆ ಏರಿತು. ಸಲ್ಫಾ ಜೀನ್ ಕೂತ ಪ್ಲಾಸ್ಮಿಡ್ಡಿನಲ್ಲೇ ಇತರ ಔಷಧಿಗಳ ನಿರೋಧಕ ಜೀನ್‌ಗಳೂ ಇದ್ದವು, ಆ ಔಷಧಿಗಳ ಬಳಕೆ ನಿಂತಿರಲಿಲ್ಲ. ಒಂದೇ ಹಗ್ಗಕ್ಕೆ ಕಟ್ಟಿದ ದನಗಳಂತೆ, ಒಂದನ್ನು ಎಳೆದರೆ ಉಳಿದವೂ ಬರುತ್ತವೆ.

ಡೆನ್ಮಾರ್ಕ್‌ನಲ್ಲಿ ಇದು ಪ್ರಯೋಗದಷ್ಟೇ ಸ್ಪಷ್ಟವಾಗಿ ನಡೆಯಿತು. ಕೋಳಿ, ಹಂದಿಗಳ ಬೆಳವಣಿಗೆಗೆಂದು ಮೇವಿಗೆ ಬೆರೆಸುತ್ತಿದ್ದ ಅವೊಪಾರ್ಸಿನ್, ಮನುಷ್ಯರಿಗೆ ಕೊಡುವ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ಸೋದರ. 1995ರಲ್ಲಿ ಅದನ್ನು ನಿಷೇಧಿಸಿದ ಮೇಲೆ ಕೋಳಿಗಳ ಎಂಟರೊಕಾಕಸ್ ಎಂಬ ಕರುಳಿನ ಬ್ಯಾಕ್ಟೀರಿಯಾದಲ್ಲಿ ವ್ಯಾಂಕೊಮೈಸಿನ್ ನಿರೋಧಕತೆ 2000ದ ಹೊತ್ತಿಗೆ ನೂರಕ್ಕೆ 70ಕ್ಕೂ ಹೆಚ್ಚಿದ್ದದ್ದು 6ರ ಆಸುಪಾಸಿಗೆ ಇಳಿಯಿತು. ಹಂದಿಗಳಲ್ಲಿ ಮಾತ್ರ ಜಗ್ಗಲಿಲ್ಲ. ಹಂದಿಗಳಿಗೆ ಟೈಲೊಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಕೊಡುವುದು ಮುಂದುವರಿದಿತ್ತು. ಹಂದಿಯ ಬ್ಯಾಕ್ಟೀರಿಯಾದಲ್ಲಿ ವ್ಯಾಂಕೊಮೈಸಿನ್ ನಿರೋಧಕ ಜೀನ್ ಮತ್ತು ಟೈಲೊಸಿನ್ ನಿರೋಧಕ ಜೀನ್ ಒಂದೇ ಪ್ಲಾಸ್ಮಿಡ್ಡಿನ ಮೇಲಿದ್ದವು. 1998ರಿಂದ ಟೈಲೊಸಿನ್ ಬಳಕೆ ತಗ್ಗಿದ ಮೇಲೆಯೇ ಅಲ್ಲೂ ಇಳಿಯಿತು. ಮೇವಿನ ಸತು, ತಾಮ್ರ ಮತ್ತು ಕೆಲವು ಸೋಂಕುನಿವಾರಕಗಳೂ ಇದೇ ರೀತಿ ಕೆಲಸ ಮಾಡಬಲ್ಲವು. ಅವುಗಳನ್ನು ತಾಳಿಕೊಳ್ಳಲು ಬೇಕಾದ ನಿರೋಧಕ ಜೀನ್‌ಗಳೂ ಎಷ್ಟೋ ಸಲ ಅದೇ ಪ್ಲಾಸ್ಮಿಡ್ಡಿನಲ್ಲಿರುತ್ತವೆ.

ಯಶಸ್ಸಿನ ಉದಾಹರಣೆ ಚೀನಾದ್ದು. ಕೊಲಿಸ್ಟಿನ್ ನಿರೋಧಕತೆ ಕೊಡುವ ಎಂಸಿಆರ್-1 ಜೀನ್ ಪ್ಲಾಸ್ಮಿಡ್ ಮೇಲೆ ಓಡಾಡುತ್ತಿದೆ ಎಂಬ ಸುದ್ದಿ ನವೆಂಬರ್ 2015ರಲ್ಲಿ ಚೀನಾದ ಹಂದಿ, ಮಾಂಸ ಮತ್ತು ರೋಗಿಗಳಿಂದ ಬಂತು. ಬೇರೆ ದೇಶಗಳು ತಮ್ಮ ಹಳೆಯ ಮಾದರಿಗಳನ್ನು ಹೊರತೆಗೆದು ನೋಡಿದಾಗ ಕೆಲವೇ ತಿಂಗಳಲ್ಲಿ ಹಲವು ಖಂಡಗಳಲ್ಲಿ ಅದು ಸಿಕ್ಕಿತು. ಪತ್ತೆಯಾಗುವ ಮೊದಲೇ ಜಗತ್ತು ಸುತ್ತಿಬಿಟ್ಟಿತ್ತು. 2017ರಲ್ಲಿ ಚೀನಾ ಕೊಲಿಸ್ಟಿನ್ನನ್ನು ಬೆಳವಣಿಗೆಯ ಮೇವಾಗಿ ಬಳಸುವುದನ್ನು ನಿಲ್ಲಿಸಿತು. ಹಂದಿಗಳ ಇ. ಕೋಲಿಯಲ್ಲಿ ಕೊಲಿಸ್ಟಿನ್ ನಿರೋಧಕತೆ 2015-16ರಲ್ಲಿ ನೂರಕ್ಕೆ 34 ಇದ್ದದ್ದು 2017-18ಕ್ಕೆ 5ರ ಮಟ್ಟಕ್ಕೆ ಬಂತು, ಮನುಷ್ಯರ ಕರುಳಿನಲ್ಲೂ ಇಳಿಯಿತು. ಈ ಜೀನ್ ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಬದಲಿಸುವುದರಿಂದ ಅದಕ್ಕೆ ಭಾರವಾಗುತ್ತದೆ. ಔಷಧಿಯಿಲ್ಲದಿದ್ದರೆ ಹೊತ್ತವನು ಓಟದಲ್ಲಿ ಹಿಂದೆ ಬೀಳುತ್ತಾನೆ. ಎಲ್ಲ ಜೀನ್‌ಗಳೂ ಇಷ್ಟು ಭಾರವಲ್ಲ. ಭಾರವಿದ್ದರೂ ಬ್ಯಾಕ್ಟೀರಿಯಾ ಕೆಲವು ನೂರು ತಲೆಮಾರುಗಳಲ್ಲಿ ಸಣ್ಣ ರೂಪಾಂತರಗಳಿಂದ ಅದನ್ನು ಹಗುರ ಮಾಡಿಕೊಳ್ಳಬಹುದು. ಜೊತೆಗೆ ಅನೇಕ ಪ್ಲಾಸ್ಮಿಡ್‌ಗಳು ವಿಷ ಮತ್ತು ಪ್ರತಿವಿಷ ಎರಡನ್ನೂ ತಯಾರಿಸುತ್ತವೆ. ವಿಷ ಬಹುಕಾಲ ಬಾಳುತ್ತದೆ, ಪ್ರತಿವಿಷ ಬೇಗ ಕರಗುತ್ತದೆ. ಪ್ಲಾಸ್ಮಿಡ್ ಕಳೆದುಕೊಂಡ ಮರಿಕೋಶದಲ್ಲಿ ಪ್ರತಿವಿಷ ಮುಗಿದು ವಿಷ ಉಳಿಯುವುದರಿಂದ ಅದು ಸಾಯುತ್ತದೆ ಅಥವಾ ಬೆಳೆಯುವುದನ್ನು ನಿಲ್ಲಿಸುತ್ತದೆ.

ಏನು ಮಾಡಿದರೆ ಉಪಯೋಗ?

74 ನಗರಗಳ ಚರಂಡಿ ನೀರಿನ ಡಿಎನ್‌ಎ ಓದಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿರೋಧಕ ಜೀನ್‌ಗಳ ಪ್ರಮಾಣ ನೈರ್ಮಲ್ಯ ಮತ್ತು ಆರೋಗ್ಯ ವ್ಯವಸ್ಥೆಯ ಸೂಚಕಗಳೊಂದಿಗೆ ಗಟ್ಟಿಯಾಗಿ ಹೊಂದಿಕೊಂಡಿತು. ಔಷಧಿ ಜೀನನ್ನು ಆರಿಸುತ್ತದೆ, ಮಲದ ದಾರಿ ಅದನ್ನು ಹರಡುತ್ತದೆ. ಎರಡನೆಯದರ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ ಎಂಬುದು ನನ್ನ ದೃಢ ಅಭಿಪ್ರಾಯ. ಮಾತ್ರೆ ಪೂರ್ತಿ ನುಂಗಿ ಎಂಬ ಒಂದೇ ಘೋಷಣೆಯಿಂದ ಸೋರುವ ಚರಂಡಿ ಕೊಳವೆ ಮುಚ್ಚುವುದಿಲ್ಲ.

ಆ ಘೋಷಣೆಗೂ ತಿದ್ದುಪಡಿ ಬೇಕು. ಕರುಳಿನ ದೃಷ್ಟಿಯಿಂದ ಪ್ರತಿಯೊಂದು ಹೆಚ್ಚುವರಿ ದಿನವೂ ಹೆಚ್ಚುವರಿ ಒತ್ತಡ. ಹಲವು ಸೋಂಕುಗಳಿಗೆ ಕಡಿಮೆ ದಿನಗಳೇ ಸಾಕು ಎಂದು ಪ್ರಯೋಗಗಳು ತೋರಿಸಿವೆ: ತೊಡಕಿಲ್ಲದ ನ್ಯುಮೋನಿಯಾಗೆ 5 ದಿನ, ಚೇತರಿಸಿಕೊಳ್ಳುತ್ತಿರುವ ರೋಗಿಯ ಕೆಲವು ಬಗೆಯ ರಕ್ತದ ಸೋಂಕಿಗೂ 14ರ ಬದಲು 7 ದಿನ. ನೀವಾಗಿಯೇ ನಡುವೆ ನಿಲ್ಲಿಸಬೇಡಿ, “ಎಷ್ಟು ಕಡಿಮೆ ದಿನ ಸಾಕು, ಡಾಕ್ಟ್ರೇ?” ಎಂದು ಕೇಳಿ. ಕ್ಷಯಕ್ಕೆ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಹೇಳಿದಷ್ಟು ತಿಂಗಳು ಪೂರ್ತಿ ನಡೆಯಲೇಬೇಕು. ರೋಗಲಕ್ಷಣವಿಲ್ಲದೆ ಮೂತ್ರದ ಕಲ್ಚರಿನಲ್ಲಿ (ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬ್ಯಾಕ್ಟೀರಿಯಾ ಬಂದರೆ, ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೋಗುವವರನ್ನು ಬಿಟ್ಟರೆ, ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಇಎಸ್‌ಬಿಎಲ್ ಇರುವವರಲ್ಲಿ ಹೆದರಿಕೆಯಿಂದ ನಡೆಯುವ ಅನಗತ್ಯ ಚಿಕಿತ್ಸೆಗಳಲ್ಲಿ ಇದು ಮೊದಲನೆಯದು.

ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿ. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಕ್ಲೋರಿನ್ ಬಳಸುವುದಾದರೆ ಅರ್ಧ ಗಂಟೆಯ ನಂತರವೂ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ನೀರು ಕದಡಿದ್ದರೆ ಮೊದಲು ಸೋಸಿ, ಇಲ್ಲದಿದ್ದರೆ ಕೊಳೆಯೇ ಕ್ಲೋರಿನ್ನನ್ನು ನುಂಗಿಬಿಡುತ್ತದೆ. ಮಾಂಸ ಒಳಭಾಗದಲ್ಲೂ 70 ಡಿಗ್ರಿ ದಾಟಿ ಬೇಯಬೇಕು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಹನಿಗಳು ಸಿಂಕ್, ಪಾತ್ರೆ, ಸೊಪ್ಪುಗಳ ಮೇಲೆಲ್ಲ ಹಾರುತ್ತವೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಉಳಿಯುತ್ತದಲ್ಲ ಎಂಬ ಆತಂಕ ಕೆಲವರಿಗಿದೆ. ಬಿಡಿ ಡಿಎನ್‌ಎಯನ್ನು ಹೀರಿಕೊಳ್ಳುವುದರಲ್ಲಿ ಇ. ಕೋಲಿ ಸಹಜವಾಗಿ ಬಹಳ ದುರ್ಬಲ, ಜೀವಂತ ಬ್ಯಾಕ್ಟೀರಿಯಾದ ಅಪಾಯದ ಮುಂದೆ ಅದು ಲೆಕ್ಕಕ್ಕಿಲ್ಲ.

ಸಗಣಿ, ಕೋಳಿಗೊಬ್ಬರಗಳನ್ನು ಹಸಿಯಾಗಿಯೇ ತರಕಾರಿ ಹೊಲಕ್ಕೆ ಹಾಕುವುದು ಜೀನ್‌ಗೆ ನೇರ ದಾರಿ. ಕಾಂಪೋಸ್ಟ್ ರಾಶಿಯ ಒಳಗಿನ ಉಷ್ಣತೆ 55 ಡಿಗ್ರಿಗಿಂತ ಮೇಲೆ 15 ದಿನ ನಿಲ್ಲಬೇಕು, ಅಷ್ಟರಲ್ಲಿ ಕನಿಷ್ಠ ಐದು ಸಲ ಮಗುಚಬೇಕು. ರಾಶಿ ಕೆಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ: ನೀರು ಹೆಚ್ಚಾಗಿ ಗಾಳಿಯಾಡದಿರುವುದು (ತೇವ ನೂರಕ್ಕೆ 50ರಿಂದ 60 ಇದ್ದರೆ ಸರಿ), ಹುಲ್ಲು-ತರಗೆಲೆ ಕಡಿಮೆಯಾಗುವುದು, ಮಗುಚದೆ ತಣ್ಣಗಿನ ಹೊರಪದರ ಹಾಗೇ ಉಳಿಯುವುದು. ಆ ಹೊರಪದರದಿಂದಲೇ ಬ್ಯಾಕ್ಟೀರಿಯಾ ಮತ್ತೆ ಇಡೀ ರಾಶಿಗೆ ಹಬ್ಬುತ್ತದೆ. ಸರಿಯಾಗಿ ಮಾಡಿದರೂ ಎಲ್ಲ ನಿರೋಧಕ ಜೀನ್‌ಗಳೂ ಅಳಿಯುವುದಿಲ್ಲ. ರೋಗಕಾರಕಗಳು ಮತ್ತು ಕರುಳಿನ ಬ್ಯಾಕ್ಟೀರಿಯಾ ಮಾತ್ರ ಬಹಳವಾಗಿ ಕಡಿಮೆಯಾಗುತ್ತವೆ.

ಕರುಳಿನ ಡಿಎನ್‌ಎ ಓದಿ ನಿರೋಧಕ ಜೀನ್‌ಗಳ ಪಟ್ಟಿ ಕೊಡುವ ಖಾಸಗಿ ಪರೀಕ್ಷೆಗಳಿಗೆ ದುಡ್ಡು ಹಾಕಬೇಡಿ. ಅವು ಸಾಮಾನ್ಯವಾಗಿ ಡಿಎನ್‌ಎಯನ್ನು 150 ಅಕ್ಷರಗಳ ಚೂರುಗಳಾಗಿ ಓದುತ್ತವೆ. ನಿರೋಧಕ ಜೀನ್‌ಗಳ ಅಕ್ಕಪಕ್ಕದಲ್ಲಿ ಐಎಸ್-26ರಂಥ, 820 ಅಕ್ಷರಗಳ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಅದನ್ನು ದಾಟಿ ಯಾವ ಜೀನ್ ಯಾವ ಪ್ಲಾಸ್ಮಿಡ್ಡಿನದು, ಯಾವ ಬ್ಯಾಕ್ಟೀರಿಯಾದ್ದು ಎಂದು ಜೋಡಿಸಲು ಸಣ್ಣ ಚೂರುಗಳಿಂದ ಆಗುವುದಿಲ್ಲ. ಪಟ್ಟಿಯಲ್ಲಿ ಹತ್ತಾರು ಹೆಸರು ಬಂದು ನಿದ್ದೆ ಕೆಡುತ್ತದೆಯೇ ಹೊರತು ಚಿಕಿತ್ಸೆಯಲ್ಲಿ ಏನೂ ಬದಲಾಗದು. ಪ್ರೊಬಯಾಟಿಕ್‌ಗಳಿಂದಲೂ, ಅಂದರೆ ಒಳ್ಳೆಯದೆಂದು ನುಂಗುವ ಜೀವಂತ ಬ್ಯಾಕ್ಟೀರಿಯಾಗಳಿಂದಲೂ, ನಿರೋಧಕ ಬ್ಯಾಕ್ಟೀರಿಯಾ ಖಚಿತವಾಗಿ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆ್ಯಂಟಿಬಯಾಟಿಕ್ ನಂತರ ಅವುಗಳನ್ನು ಕೊಟ್ಟಾಗ ಕರುಳಿನ ಸ್ವಂತ ಬ್ಯಾಕ್ಟೀರಿಯಾಗಳು ಮರಳುವುದು ತಡವಾದದ್ದನ್ನು 2018ರ ಒಂದು ಅಧ್ಯಯನ ತೋರಿಸಿದೆ. ಆರೋಗ್ಯವಂತರ ಮಲವನ್ನು ಕರುಳಿಗೆ ಕಸಿ ಮಾಡುವ ಚಿಕಿತ್ಸೆಯಲ್ಲಂತೂ, ದಾನಿಯ ಇಎಸ್‌ಬಿಎಲ್ ಇ. ಕೋಲಿ ದಾಟಿ ಇಬ್ಬರು ಕಾಯಿಲೆ ಬಿದ್ದು ಒಬ್ಬರು ಸತ್ತದ್ದರಿಂದ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಬೇಕಾಯಿತು.

ನಿಮ್ಮ ಕರುಳಿನಲ್ಲಿರುವುದು ತಾನಾಗಿಯೇ ಕರಗುವ ಸಾಧ್ಯತೆ ಚೆನ್ನಾಗಿದೆ. ಡಚ್ ಪ್ರಯಾಣಿಕರಲ್ಲಿ ಅರ್ಧದಷ್ಟು ಮಂದಿ ಒಂದು ತಿಂಗಳಲ್ಲಿ ಕಳೆದುಕೊಂಡರು, ವರ್ಷದ ನಂತರ ಉಳಿದದ್ದು ನೂರಕ್ಕೆ 11 ಮಂದಿಯಲ್ಲಿ. ಪದೇಪದೇ ಆಸ್ಪತ್ರೆ ಸೇರುವವರಲ್ಲಿ ಇದು ನಿಧಾನ, ವರ್ಷವಾದರೂ ಮೂರರಲ್ಲಿ ಒಬ್ಬರಲ್ಲಿ ಉಳಿದಿರುತ್ತದೆ. ಮರುಪರೀಕ್ಷೆಯಲ್ಲಿ ನೆಗೆಟಿವ್ ಬಂದರೆ ಪೂರ್ತಿ ಹೋಯಿತು ಎಂದು ಖಚಿತವಾಗಿ ಹೇಳಲಾಗದು: ಸ್ವಾಬ್‌ನ ತುದಿಗೆ ಮಲದ ಬಣ್ಣ ಹತ್ತಿರದಿದ್ದರೆ ಮಾದರಿಯೇ ಸರಿಯಿಲ್ಲ, ಸಂಖ್ಯೆ ಕಡಿಮೆಯಿದ್ದರೂ ತಪ್ಪಿಹೋಗುತ್ತದೆ.

ಮನೆಯಲ್ಲಿ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಕಾಗಿಲ್ಲ. ಮನೆಮಂದಿಯನ್ನೆಲ್ಲ ಪರೀಕ್ಷಿಸುವುದೂ ಬೇಡ. ಶೌಚದ ನಂತರ ಮತ್ತು ಅಡುಗೆಗೆ ಮುಂಚೆ ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜಿ ತೊಳೆಯಿರಿ; ಮನೆಯಲ್ಲಿ ಹಸುಗೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರದ ಕ್ಯಾತಿಟರ್ ಹಾಕಿಸಿಕೊಂಡವರು ಇದ್ದರೆ ಅವರನ್ನು ಮುಟ್ಟುವ ಮುನ್ನವೂ ತೊಳೆಯಿರಿ. ವರದಿಯ ಒಂದು ಪ್ರತಿಯನ್ನು ನಿಮ್ಮ ವೈದ್ಯಕೀಯ ಕಡತದಲ್ಲಿ, ದಿನಾಂಕ ಕಾಣುವಂತೆ ಇಟ್ಟುಕೊಳ್ಳಿ. ಮುಂದಿನ ಒಂದು ವರ್ಷದೊಳಗೆ ಜೋರು ಚಳಿಜ್ವರ ಅಥವಾ ಮೂತ್ರದ ಸೋಂಕಿಗೆಂದು ಆಸ್ಪತ್ರೆಗೆ ಹೋದರೆ ಅದನ್ನು ಮೊದಲೇ ತೋರಿಸಿ, ಔಷಧಿ ಶುರುಮಾಡುವ ಮುನ್ನ ಕಲ್ಚರ್‌ಗೆ ಮಾದರಿ ತೆಗೆಯಲು ಕೇಳಿ.